ಕೇರಂ ಆಡುವ ರೋಬೋಟ್ ಮತ್ತು ಪೆಟ್ಟಿಗೆಯೊಳಗೆ ಕೂತ ಮನುಷ್ಯ

ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಒಮ್ಮೆ ಹೋಗಿಬಂದವರಿಗೆ ಮುಂದಿನ ವರ್ಷ ಅಲ್ಲೇನಿರುತ್ತೆ ಅಂತ ಹೇಳಬೇಕಿಲ್ಲ. ಕೈ ಅಡ್ಡ ಹಿಡಿದರೆ ಮುಚ್ಚಳ ತೆರೆಯುವ ಕಸದ ಬುಟ್ಟಿ, ಮಣ್ಣಿನ ತೇವ ನೋಡಿ ಪಂಪ್ ಚಾಲೂ ಮಾಡುವ ‘ಸ್ಮಾರ್ಟ್’ ನೀರಾವರಿ, ಚಾಲಕ ತೂಕಡಿಸಿದರೆ ಕಿರುಚುವ ಕ್ಯಾಮೆರಾ, ಎಲೆಯ ಫೋಟೊ ನೋಡಿ ರೋಗದ ಹೆಸರು ಹೇಳುವ ಲ್ಯಾಪ್‌ಟಾಪ್. ಇತ್ತೀಚೆಗೆ ಅಂಥದ್ದೇ ಒಂದು ಪ್ರದರ್ಶನದ ಮೂಲೆಯಲ್ಲಿ ಕೇರಂ ಬೋರ್ಡ್ ಕಂಡಿತು. ಸುತ್ತ ಅಲ್ಯೂಮಿನಿಯಂ ಚೌಕಟ್ಟು, ನೆತ್ತಿಯ ಮೇಲೊಂದು ವೆಬ್‌ಕ್ಯಾಮ್, ಬೇಸ್‌ಲೈನ್ ಉದ್ದಕ್ಕೂ ಜಾರುವ ಬೆಲ್ಟ್, ಬೆಲ್ಟಿನ ಮೇಲೆ ಸ್ಟ್ರೈಕರ್ ತಳ್ಳುವ ಸೊಲೆನಾಯ್ಡ್. ನಾನು ನಿಂತಿದ್ದಷ್ಟು ಹೊತ್ತಿನಲ್ಲಿ ಅದು ಹತ್ತು ಹನ್ನೆರಡು ಸಲ ಹೊಡೆಯಿತು, ಎರಡು ಕಾಯಿ ಹಾಕಿತು. ಮಾರ್ಕ್ಸ್ ಹಾಕಲು ಬಂದವರು ಇದರ ಅಪ್ಲಿಕೇಶನ್ ಏನು ಎಂದು ಕೇಳಿ, ಉತ್ತರ ಪೂರ್ತಿ ಆಗುವ ಮುಂಚೆಯೇ ಪಕ್ಕದ ಕಸದ ಬುಟ್ಟಿಯತ್ತ ಹೊರಟರು.

ಕಸದ ಬುಟ್ಟಿ ಪ್ರತಿಸಲವೂ ಬಾಯಿ ತೆರೆಯಿತು. ಅದಕ್ಕೇ ಹೆಚ್ಚು ಮಾರ್ಕ್ಸ್ ಬಂದಿರುತ್ತೆ ಅಂತ ನನ್ನ ಊಹೆ.

ಈ ಬರಹ ಆ ಎರಡು ಕಾಯಿಗಳ ಬಗ್ಗೆ. ಆಟವಾಡುವ ಯಂತ್ರ ಕಟ್ಟುವುದು ನಮ್ಮ ಇಂಜಿನಿಯರಿಂಗ್ ಶಿಕ್ಷಣ ಕೊಡಬಹುದಾದ ಅತ್ಯಂತ ಪ್ರಾಮಾಣಿಕ ಪರೀಕ್ಷೆ ಅಂತ ನನಗನಿಸುತ್ತೆ. ಯಾಕೆಂದರೆ ಉಳಿದ ಪ್ರಾಜೆಕ್ಟ್‌ಗಳಿಗೆ ಎದುರಾಳಿ ಇಲ್ಲ. ಡೆಮೊ ಮಾಡುವವರೇ ಎಲೆಯನ್ನೂ ತಂದಿರುತ್ತಾರೆ, ಯಾವ ಎಲೆಗೆ ಯಾವ ಉತ್ತರ ಬರುತ್ತೆ ಅಂತಲೂ ಅವರಿಗೆ ಗೊತ್ತಿರುತ್ತೆ. ಕೇರಂ ಬೋರ್ಡಿನ ಎದುರು ಪರೀಕ್ಷಕರೇ ಕೂತು, ಒಂದು ಕಾಯಿಯನ್ನು ಬೆರಳಲ್ಲಿ ಅರ್ಧ ಇಂಚು ಪಕ್ಕಕ್ಕೆ ಸರಿಸಿ, ‘ಈಗ ಹೊಡಿ ನೋಡೋಣ’ ಅಂದರೆ ಯಂತ್ರ ಹೊಡೆಯಲೇಬೇಕು. ವಿಡಿಯೊ ತೋರಿಸಿ ಪಾರಾಗುವ ಹಾಗಿಲ್ಲ. ಇಂಥ ಪ್ರಾಮಾಣಿಕ ಪರೀಕ್ಷೆಗೆ ಕೂತವರು ಸೋಲುವಂತೆ, ಕೂರದವರು ಗೆಲ್ಲುವಂತೆ ನಮ್ಮ ವ್ಯವಸ್ಥೆ ಕಟ್ಟಿಕೊಂಡಿದೆ ಎಂಬುದೇ ನನ್ನ ತಕರಾರು.

ಒಂದು ಡಿಗ್ರಿಯ ಕಥೆ

ಹತ್ತರಲ್ಲಿ ಎರಡೇ ಕಾಯಿ ಅಂತ ನಗುವ ಮುಂಚೆ ಲೆಕ್ಕ ನೋಡೋಣ. ಸ್ವಲ್ಪ ಗಣಿತ ಇದೆ, ಬೇಜಾರು ಮಾಡ್ಕೋಬೇಡಿ.

ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಕೇರಂ ಬೋರ್ಡಿನ ಆಟದ ಜಾಗ ಸುಮಾರು 74 ಸೆಂಟಿಮೀಟರ್ ಚೌಕ. ಕಾಯಿಯ ವ್ಯಾಸ 3 ಸೆಂಟಿಮೀಟರಿಗಿಂತ ತುಸು ಹೆಚ್ಚು. ಸ್ಟ್ರೈಕರ್ 4.13 ಸೆಂಟಿಮೀಟರ್ ಮೀರುವಂತಿಲ್ಲ, ತೂಕ 15 ಗ್ರಾಂ ದಾಟುವಂತಿಲ್ಲ. ಪಾಕೆಟ್ಟಿನ ಬಾಯಿ 4.45 ಸೆಂಟಿಮೀಟರ್. ಅಂದರೆ ಪಾಕೆಟ್ಟಿಗೆ ನೇರ ಹೋಗುವ ಕಾಯಿಗೆ ಎರಡೂ ಬದಿಯಲ್ಲಿ ಸಿಗುವ ರಿಯಾಯಿತಿ ಆರೇಳು ಮಿಲಿಮೀಟರ್ ಮಾತ್ರ.

ಸ್ಟ್ರೈಕರ್ 30 ಸೆಂಟಿಮೀಟರ್ ದೂರದ ಕಾಯಿಗೆ ಹೊಡೆಯಬೇಕು, ಆ ಕಾಯಿ ಮತ್ತೆ 30 ಸೆಂಟಿಮೀಟರ್ ಹೋಗಿ ಪಾಕೆಟ್ ಸೇರಬೇಕು ಅಂತಿಟ್ಟುಕೊಳ್ಳಿ. ಹೊಡೆತದ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿತು. ಕಾಯಿಯ ಹತ್ತಿರ ಬರುವಷ್ಟರಲ್ಲಿ ಸ್ಟ್ರೈಕರ್ ಸುಮಾರು 5 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತೆ. ಡಿಕ್ಕಿಯ ಕ್ಷಣದಲ್ಲಿ ಸ್ಟ್ರೈಕರಿನ ಕೇಂದ್ರಕ್ಕೂ ಕಾಯಿಯ ಕೇಂದ್ರಕ್ಕೂ ಇರುವ ದೂರ 36 ಮಿಲಿಮೀಟರ್ ಆಸುಪಾಸು. ಅಷ್ಟು ಚಿಕ್ಕ ದೂರದಲ್ಲಿ 5 ಮಿಲಿಮೀಟರ್ ತಪ್ಪಿದರೆ ಕಾಯಿ ಓಡುವ ದಿಕ್ಕು ಎಂಟು ಡಿಗ್ರಿಯಷ್ಟು ತಿರುಗಿಬಿಡುತ್ತೆ. ಪಾಕೆಟ್ ಹತ್ತಿರ ಬರುವ ಹೊತ್ತಿಗೆ ಕಾಯಿ 4 ಸೆಂಟಿಮೀಟರ್ ಆಚೆ ಇರುತ್ತೆ. ಒಂದು ಡಿಗ್ರಿ ಎಂಟಾಯಿತು. ಕಾಯಿ ಬೀಳಬೇಕಾದರೆ ಹೊಡೆತದ ದಿಕ್ಕು ಒಂದು ಡಿಗ್ರಿಯ ಆರನೇ ಒಂದು ಭಾಗದೊಳಗೆ ಸರಿ ಇರಬೇಕು.

ಈಗ ವಿದ್ಯಾರ್ಥಿಗಳ ಕೈಯಲ್ಲಿ ಏನಿದೆ ನೋಡಿ. ಅಗ್ಗದ ಸರ್ವೊ ಮೋಟರ್ ಒಂದು ಡಿಗ್ರಿ ಆಚೀಚೆ ಆಗುವುದು ಮಾಮೂಲು. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ, ಅಂದರೆ ಒಂದು ಹೆಜ್ಜೆಗೆ 1.8 ಡಿಗ್ರಿ. ಬೆಲ್ಟು, ಗೇರು, ಮೈಕ್ರೊಸ್ಟೆಪ್ಪಿಂಗ್ ಎಲ್ಲ ಸೇರಿಸಿ ಅದನ್ನು ನುಣುಪು ಮಾಡಬೇಕು. 640×480ರ ಸಾಮಾನ್ಯ ವೆಬ್‌ಕ್ಯಾಮಿನಲ್ಲಿ ಇಡೀ ಬೋರ್ಡ್ ಹಿಡಿಸಿದರೆ ಒಂದು ಪಿಕ್ಸೆಲ್ ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ಕಾಯಿ ಎಲ್ಲಿದೆ ಅಂತ ಕಂಡುಹಿಡಿಯುವುದರಲ್ಲೇ ಒಂದು ಪಿಕ್ಸೆಲ್ ತಪ್ಪಿದರೂ ಕಥೆ ಮುಗಿಯಿತು. ಲೆನ್ಸಿನ ಅಂಚಿನಲ್ಲಿ ನೇರ ಗೆರೆ ಬಾಗಿದಂತೆ ಕಾಣುತ್ತೆ, ಅದನ್ನು ಲೆಕ್ಕದಲ್ಲಿ ಸರಿಮಾಡಬೇಕು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬಿದ್ದರೆ ಬೋರ್ಡಿನ ಹೊಳಪೇ ಬಿಳಿ ಕಾಯಿಯಂತೆ ಕಾಣುತ್ತೆ. ಇಷ್ಟೆಲ್ಲ ಆದಮೇಲೆ ಪೌಡರ್! ಬೋರಿಕ್ ಪೌಡರ್ ಹೊಸದಾಗಿ ಉದುರಿಸಿದಾಗ ಕಾಯಿ ಜಾರುವ ರೀತಿಯೇ ಬೇರೆ, ಅರ್ಧ ಗಂಟೆ ಬಿಟ್ಟು ಬೇರೆ. ಮಳೆಗಾಲದಲ್ಲಿ ಪ್ಲೈವುಡ್ ತೇವ ಎಳೆದುಕೊಂಡಾಗ ಮತ್ತೂ ಬೇರೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕೇರಂ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದ ಎಂ. ಖಾಜಿಮಾ ಚೆನ್ನೈನ ಆಟೊ ಚಾಲಕರೊಬ್ಬರ ಮಗಳು, ಆಗ 17 ವರ್ಷ. ಆ ಹುಡುಗಿಯ ಬೆರಳು ಈ ಎಲ್ಲ ಲೆಕ್ಕವನ್ನು ಅರೆಕ್ಷಣದಲ್ಲಿ ಮಾಡುತ್ತೆ. ನಮ್ಮ ಸ್ಲಮ್ಮುಗಳ, ಆಟೊ ಸ್ಟ್ಯಾಂಡುಗಳ, ಯುವಕ ಸಂಘಗಳ ಜಗಲಿಯ ಮೇಲೆ ಕೂತ ಎಷ್ಟೋ ಬೆರಳುಗಳಿಗೆ ಈ ವಿದ್ಯೆ ಗೊತ್ತು. ಯಂತ್ರಕ್ಕೆ ಅದನ್ನು ಕಲಿಸುವಾಗಲೇ ಅದು ಎಷ್ಟು ದೊಡ್ಡ ವಿದ್ಯೆ ಅಂತ ಇಂಜಿನಿಯರಿಗೆ ಅರಿವಾಗುವುದು. ಹಾಗಾಗಿ ಹತ್ತರಲ್ಲಿ ಎರಡು ಕಾಯಿ ಹಾಕಿದ ನಾಲ್ವರು ವಿದ್ಯಾರ್ಥಿಗಳು ದೃಗ್ವಿಜ್ಞಾನ, ಘರ್ಷಣೆ, ಕಂಟ್ರೋಲ್ ಥಿಯರಿ, ಪ್ರೋಗ್ರಾಮಿಂಗ್ ಎಲ್ಲವನ್ನೂ ಮುಟ್ಟಿ ನೋಡಿ ಬಂದಿದ್ದಾರೆ. ‘ಅಪ್ಲಿಕೇಶನ್ ಏನು’ ಎಂಬ ಪ್ರಶ್ನೆಗೆ ಉತ್ತರ ಅದು.

ಟರ್ಕಿಯವನ ಪೆಟ್ಟಿಗೆ

ಆಟವಾಡುವ ಯಂತ್ರದ ಇತಿಹಾಸ ಶುರುವಾಗುವುದೇ ಒಂದು ಮೋಸದಿಂದ. 1770ರಲ್ಲಿ ವಿಯೆನ್ನಾದ ಆಸ್ಥಾನದಲ್ಲಿ, ರಾಣಿ ಮರಿಯಾ ತೆರೇಸಾ ಎದುರು, ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಅಧಿಕಾರಿ ಚೆಸ್ ಆಡುವ ಗೊಂಬೆಯೊಂದನ್ನು ತಂದಿಟ್ಟ. ಟರ್ಕಿಯವನ ವೇಷದ ಗೊಂಬೆ, ಅದರ ಮುಂದೆ ದೊಡ್ಡ ಪೆಟ್ಟಿಗೆ. ಆಟಕ್ಕೆ ಮುಂಚೆ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಹಲ್ಲುಚಕ್ರಗಳನ್ನು ತೋರಿಸುತ್ತಿದ್ದರು. 1783ರಲ್ಲಿ ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅದರೆದುರು ಸೋತರು. 1809ರಲ್ಲಿ ನೆಪೋಲಿಯನ್ ಕೂತ. 1854ರಲ್ಲಿ ಫಿಲಡೆಲ್ಫಿಯಾದ ಬೆಂಕಿಯಲ್ಲಿ ಸುಟ್ಟುಹೋಗುವ ತನಕ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಬೆರಗಾದರು. ಒಳಗೊಬ್ಬ ಚೆಸ್ ಆಟಗಾರ, ಬಾಗಿಲು ತೆರೆದಾಗಲೆಲ್ಲ ಜಾರುವ ಆಸನದ ಮೇಲೆ ಅತ್ತಿತ್ತ ಸರಿದು ಮರೆಯಾಗುತ್ತಿದ್ದ. 2005ರಲ್ಲಿ ಅಮೆಜಾನ್, ಚಿಲ್ಲರೆ ಕಾಸಿಗೆ ಮನುಷ್ಯರಿಂದ ಕಂಪ್ಯೂಟರಿನ ಕೆಲಸ ಮಾಡಿಸುವ ಸೇವೆ ಶುರುಮಾಡಿದಾಗ ಅದಕ್ಕೆ ಈ ಗೊಂಬೆಯದೇ ಹೆಸರಿಟ್ಟಿತು, ಸಂಕೋಚವಿಲ್ಲದೆ.

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಎಂಬ ಪೆಟ್ಟಿಗೆಯೊಳಗೂ ಬಹಳ ವರ್ಷಗಳಿಂದ ಒಬ್ಬ ಕೂತಿದ್ದಾನೆ. ಬೆಂಗಳೂರಿನಲ್ಲಿ ಓದಿದ ಯಾರನ್ನು ಕೇಳಿದರೂ ರೆಡಿಮೇಡ್ ಪ್ರಾಜೆಕ್ಟ್ ಮಾರುವ ‘ಸೆಂಟರ್‌’ಗಳ ವಿಷಯ ಹೇಳುತ್ತಾರೆ. ಹಾರ್ಡ್‌ವೇರ್, ಕೋಡ್, ಬೈಂಡ್ ಮಾಡಿದ ರಿಪೋರ್ಟ್, ಪಿಪಿಟಿ, ವೈವಾದಲ್ಲಿ ಏನು ಕೇಳಬಹುದು ಎಂಬ ಟ್ಯೂಷನ್, ಎಲ್ಲ ಸೇರಿ ಒಂದು ಪ್ಯಾಕೇಜ್. ಅಲ್ಲಿ ಬೆಸುಗೆ ಹಾಕುತ್ತಾ ಕೂತಿರುವವರು ಬಹುತೇಕ ಎರಡು ಮೂರು ವರ್ಷ ಹಿಂದೆ ಇದೇ ಕಾಲೇಜುಗಳಿಂದ ಹೊರಬಂದು ಕೆಲಸ ಸಿಗದವರು. ವ್ಯಂಗ್ಯ ನೋಡಿ: ಇಡೀ ವ್ಯವಸ್ಥೆಯಲ್ಲಿ ನಿಜವಾಗಿ ಪ್ರಾಜೆಕ್ಟ್ ಮಾಡುತ್ತಿರುವವರು ಅವರೊಬ್ಬರೇ.

ಎಸ್‌.ಪಿ. ರೋಡನ್ನು ಇದರ ಜೊತೆ ಸೇರಿಸಬೇಡಿ. ಸಾದರ್ ಪತ್ರಪ್ಪ ರಸ್ತೆಯ ಆ ಇಕ್ಕಟ್ಟು ಅಂಗಡಿಗಳು ಬಿಡಿಭಾಗ ಮಾರುತ್ತವೆ, ಮತ್ತು ಅಲ್ಲಿನ ಅಂಗಡಿಯವರಿಗೆ ಯಾವ ಡ್ರೈವರ್ ಬೋರ್ಡು ಯಾವ ಮೋಟರಿಗೆ ತಾಳುತ್ತೆ ಅನ್ನುವುದು ಅನೇಕ ಕಾಲೇಜು ಲ್ಯಾಬ್‌ಗಳಿಗಿಂತ ಚೆನ್ನಾಗಿ ಗೊತ್ತು. ಮೋಟರ್ ಸುಟ್ಟುಕೊಂಡು ಮೂರನೇ ಸಲ ಅಲ್ಲಿಗೆ ಹೋದ ವಿದ್ಯಾರ್ಥಿ ಕಲಿತ ವಿದ್ಯಾರ್ಥಿ. ಸಮಸ್ಯೆ ಇರುವುದು ಅಲ್ಲಿಗೆ ಹೋಗಬೇಕಾದ ಅಗತ್ಯವೇ ಬೀಳದಂತೆ ಮಾಡುವ ಪ್ಯಾಕೇಜುಗಳಲ್ಲಿ.

ಈ ಮಾತು ಬಂದಾಗ ಟಿವಿ ಚರ್ಚೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಹಿರಿಯರು ಹೇಳುವುದು ಒಂದೇ: ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ, ರೀಲ್ಸ್ ನೋಡ್ಕೊಂಡು ಕೂತಿರ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕೊನೆಯ ವರ್ಷದ ವಿದ್ಯಾರ್ಥಿಯ ದಿನಚರಿಯನ್ನು ಒಮ್ಮೆ ಬರೆದು ನೋಡಿ. ಪ್ಲೇಸ್‌ಮೆಂಟ್ ಟೆಸ್ಟುಗಳು ಅದೇ ತಿಂಗಳುಗಳಲ್ಲಿ. ಇಂಟರ್ನ್‌ಶಿಪ್ ಕಡ್ಡಾಯ, ಅದೂ ಎಷ್ಟೋ ಕಡೆ ಸ್ಟೈಪೆಂಡ್ ಇಲ್ಲದ್ದು, ಕೆಲವು ಕಡೆ ವಿದ್ಯಾರ್ಥಿಯೇ ದುಡ್ಡು ಕಟ್ಟಬೇಕಾದದ್ದು. ಮನೆಯಲ್ಲಿ ಎಜುಕೇಶನ್ ಲೋನಿನ ಕಂತು ಕಾಯುತ್ತಿದೆ. ಕೇರಂ ರೋಬೋಟ್ ಸೋತರೆ ಮಾರ್ಕ್ಸ್ ಹೋಗುತ್ತೆ, ಕೊಂಡ ಕಸದ ಬುಟ್ಟಿ ತೆರೆದರೆ ಮಾರ್ಕ್ಸ್ ಬರುತ್ತೆ. ಈ ಲೆಕ್ಕದಲ್ಲಿ ಕೊಂಡುಕೊಳ್ಳುವವರು ದಡ್ಡರೇನಲ್ಲ. ದಡ್ಡತನ ಇರುವುದು ಲೆಕ್ಕದ ನಿಯಮ ಬರೆದವರಲ್ಲಿ.

ಮೇಷ್ಟ್ರುಗಳದೂ ಇದೇ ಕಥೆ. ಗೈಡ್ ಅನಿಸಿಕೊಂಡವರ ಕೈಯಲ್ಲಿ ನಾಲ್ಕೈದು ತಂಡ, ವಾರಕ್ಕೆ ಇಷ್ಟು ಪೀರಿಯಡ್, ಅದರ ಮೇಲೆ ಎನ್‌ಬಿಎ, ನ್ಯಾಕ್ ಫೈಲುಗಳು, ಸಿಒ-ಪಿಒ ಮ್ಯಾಪಿಂಗ್ ಎಂಬ ಮುಗಿಯದ ಕೋಷ್ಟಕಗಳು. ಕಲಿಕೆಯ ಗುಣಮಟ್ಟ ಅಳೆಯುವ ಕಾಗದ ತುಂಬಿಸುವುದರಲ್ಲೇ ಕಲಿಸುವ ಸಮಯ ಕಳೆದುಹೋಗುತ್ತೆ. ಖಾಸಗಿ ಕಾಲೇಜುಗಳಲ್ಲಿ ಸಂಬಳ ಎಷ್ಟು, ಯಾವಾಗ ಬರುತ್ತೆ ಎನ್ನುವುದು ಬೇರೆಯೇ ಲೇಖನದ ವಸ್ತು.

ಈಗ ಇನ್ನೊಂದು ತಿರುವು ಬಂದಿದೆ. ಚಾಟ್‌ಜಿಪಿಟಿ ರಿಪೋರ್ಟ್ ಬರೆಯುತ್ತೆ, ಕೋಡ್ ಬರೆಯುತ್ತೆ, ವೈವಾ ಪ್ರಶ್ನೆಗೆ ಉತ್ತರವನ್ನೂ ಹೇಳಿಕೊಡುತ್ತೆ. ಪ್ಯಾಕೇಜ್ ಮಾರುವವರ ಅರ್ಧ ಸರಕು ಪುಕ್ಕಟೆ ಆಗಿದೆ. ಅರವತ್ತು ಪುಟದ ಬೈಂಡ್ ಮಾಡಿದ ರಿಪೋರ್ಟ್ ನೋಡಿ ವಿದ್ಯಾರ್ಥಿ ಏನು ಕಲಿತ ಅಂತ ಹೇಳುವುದು ಇನ್ನು ಸಾಧ್ಯವೇ ಇಲ್ಲ. ಆದರೆ ಬಿಸಿಲು ಬಿದ್ದ ಬೋರ್ಡಿನ ಮೇಲೆ ಬಿಳಿ ಕಾಯಿ ಯಾವುದು, ಹೊಳಪು ಯಾವುದು ಅಂತ ಗುರುತಿಸಲು ಯಾರಾದರೂ ಬೋರ್ಡಿನ ಪಕ್ಕದಲ್ಲೇ ನಿಂತು ಪರದೆ ಕಟ್ಟಬೇಕು, ದೀಪ ಸರಿಸಬೇಕು, ಮತ್ತೆ ನೋಡಬೇಕು. ಹಾಗಾಗಿ ಕೈಯಲ್ಲಿ ಮುಟ್ಟುವ, ಎದುರಾಳಿ ಇರುವ ಪ್ರಾಜೆಕ್ಟುಗಳ ಬೆಲೆ ಈಗ ಹಿಂದೆಂದಿಗಿಂತ ಹೆಚ್ಚಾಗಬೇಕಿತ್ತು.

ಫ್ರೈಬರ್ಗಿನವರು ಮೊದಲ ವರ್ಷವೇ ಗೆದ್ದರೇ?

ಯುರೋಪಿನ ಕಾಲೇಜುಗಳ ಪಬ್ಬುಗಳಲ್ಲಿ ಕೇರಂನಷ್ಟೇ ಜನಪ್ರಿಯವಾದ ಆಟ ಟೇಬಲ್ ಫುಟ್‌ಬಾಲ್, ಕೋಲಿಗೆ ಸಿಕ್ಕಿಸಿದ ಗೊಂಬೆಗಳನ್ನು ತಿರುಗಿಸಿ ಚೆಂಡು ಹೊಡೆಯುವುದು. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಬರ್ನ್‌ಹಾರ್ಡ್ ನೇಬೆಲ್ ಅವರ ಲ್ಯಾಬ್‌ನಲ್ಲಿ, ಥಿಲೊ ವೈಗೆಲ್ ಎಂಬ ಯುವ ಸಂಶೋಧಕರ ಮುಂದಾಳತ್ವದಲ್ಲಿ ‘ಕಿರೊ’ ಎಂಬ ಯಂತ್ರ ತಯಾರಾಯಿತು. ಕ್ಯಾಮೆರಾದಲ್ಲಿ ಚೆಂಡು ನೋಡಿ, ಅದು ಎಲ್ಲಿ ಹೋಗುತ್ತೆ ಅಂತ ಅಂದಾಜಿಸಿ, ಕೋಲುಗಳನ್ನು ಮೋಟರಿನಿಂದ ತಿರುಗಿಸುವ ಯಂತ್ರ ಅದು. 2002ರಲ್ಲಿ ಅದರ ಬಗ್ಗೆ ಮೊದಲ ಪ್ರಬಂಧ. ಸಾಮಾನ್ಯ ಆಟಗಾರರನ್ನು ಅದು ಹೆಚ್ಚಿನ ಸಲ ಸೋಲಿಸುತ್ತಿತ್ತು. 2005ರ ಹೊತ್ತಿಗೆ ಆಟದ ಯಂತ್ರ ತಯಾರಿಸುವ ಗೌಸೆಲ್ಮನ್ ಎಂಬ ಜರ್ಮನ್ ಕಂಪನಿಯ ಜೊತೆ ಸೇರಿ ಅದು ‘ಸ್ಟಾರ್‌ಕಿಕ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ ಹಂತ ತಲುಪಿತ್ತು.

ನೋಡಿ ಜರ್ಮನ್ನರು ಎಷ್ಟು ಬುದ್ಧಿವಂತರು ಅಂತ ಹೇಳಲು ಈ ಉದಾಹರಣೆ ತಂದಿಲ್ಲ. ಕಿರೊದ ಹಿಂದೆ ಏನಿತ್ತು ನೋಡಬೇಕು. ಅದೇ ಲ್ಯಾಬ್‌ನ ‘ಸಿಎಸ್ ಫ್ರೈಬರ್ಗ್’ ಎಂಬ ತಂಡ ರೋಬೋಟುಗಳ ಫುಟ್‌ಬಾಲ್ ಪಂದ್ಯಾವಳಿ ರೋಬೋಕಪ್‌ನ ಮಧ್ಯಮ ಗಾತ್ರದ ವಿಭಾಗದಲ್ಲಿ 1998, 2000, 2001ರಲ್ಲಿ ವಿಶ್ವ ಚಾಂಪಿಯನ್ ಆಗಿತ್ತು. ವೈಗೆಲ್ ಆ ತಂಡದಲ್ಲೂ ಇದ್ದವರು. ಒಂದು ಬ್ಯಾಚ್ ಬರೆದ ಕೋಡನ್ನು ಮುಂದಿನ ಬ್ಯಾಚ್ ಓದಿತು, ತಪ್ಪು ಹುಡುಕಿತು, ಮುಂದುವರಿಸಿತು. ಟೇಬಲ್ ಫುಟ್‌ಬಾಲ್ ಯಂತ್ರ ಆಕಾಶದಿಂದ ಬೀಳಲಿಲ್ಲ, ಐದಾರು ವರ್ಷ ಹಳೆಯ ಒಂದು ತಂಡದ ಗೊಬ್ಬರದಲ್ಲಿ ಮೊಳೆಯಿತು.

ನಮ್ಮಲ್ಲಿ? ವೈವಾ ಮುಗಿದ ಮರುದಿನ ಯಂತ್ರ ಸ್ಟೋರ್ ರೂಮಿಗೆ. ಅಥವಾ ಬಿಚ್ಚಿ ಮೋಟರುಗಳನ್ನು ನಾಲ್ವರು ಹಂಚಿಕೊಳ್ಳುತ್ತಾರೆ, ಯಾಕೆಂದರೆ ದುಡ್ಡು ಹಾಕಿದ್ದು ಅವರೇ. ಕೋಡ್ ಒಬ್ಬರ ಲ್ಯಾಪ್‌ಟಾಪಿನಲ್ಲಿ, ಆ ಲ್ಯಾಪ್‌ಟಾಪ್ ಪುಣೆಗೋ ಹೈದರಾಬಾದಿಗೋ ಹೋಗಿಬಿಡುತ್ತೆ. ಮುಂದಿನ ವರ್ಷ ಇನ್ಯಾರೋ ನಾಲ್ವರು ಅದೇ ಕೇರಂ ಬೋರ್ಡ್ ಎತ್ತಿಕೊಂಡರೆ, ‘ಈ ಟಾಪಿಕ್ ಹೋದ ವರ್ಷ ಆಗಿದೆ, ರಿಪೀಟ್ ಮಾಡುವಂತಿಲ್ಲ’ ಅನ್ನುತ್ತಾರೆ! ಹತ್ತರಲ್ಲಿ ಎರಡನ್ನು ಹತ್ತರಲ್ಲಿ ಆರು ಮಾಡುವುದೇ ಇಂಜಿನಿಯರಿಂಗ್ ಅನ್ನುವುದು ಈ ನಿಯಮ ಬರೆದವರಿಗೆ ಹೊಳೆದಿಲ್ಲ. ಪ್ರತಿ ಬ್ಯಾಚೂ ಸೊನ್ನೆಯಿಂದ ಶುರು ಮಾಡಿ ಎರಡಕ್ಕೆ ನಿಲ್ಲುತ್ತೆ. ನಮ್ಮ ಸಾವಿರಾರು ಪ್ರಾಜೆಕ್ಟುಗಳ ಒಟ್ಟು ಕಲಿಕೆ ಯಾವಾಗಲೂ ಮೊದಲ ವರ್ಷದ್ದೇ.

ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಿಂದ, ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತಾ ಬಂದಿದೆ. ಆಯ್ಕೆ, ಮೌಲ್ಯಮಾಪನ, ರಾಜ್ಯಮಟ್ಟದ ಪ್ರದರ್ಶನ ಎಲ್ಲ ಇರುವ, ದೇಶದಲ್ಲೇ ಅಪರೂಪದ ಕಾರ್ಯಕ್ರಮ ಅದು. ಆದರೆ ಸಿಗುವುದು ಕೆಲವು ಸಾವಿರ ರೂಪಾಯಿ, ಅದೂ ಆಯ್ಕೆಯಾದವರಿಗೆ, ಅದೂ ಆ ವರ್ಷಕ್ಕೆ. ಎರಡನೇ ವರ್ಷಕ್ಕೆ, ಬೇರೆ ಬ್ಯಾಚಿನ ಕೈಯಲ್ಲಿ ಮುಂದುವರಿಯುವ ಪ್ರಾಜೆಕ್ಟಿಗೆ ಹೆಚ್ಚು ಹಣ ಅಂತ ಒಂದು ಸಾಲು ಸೇರಿಸಿದರೆ ಎಷ್ಟು ವ್ಯತ್ಯಾಸ ಆಗಬಹುದು!

ಸಂಜೆ ಏಳಕ್ಕೆ ಬೀಗ

ದುಡ್ಡಿಗಿಂತ ದೊಡ್ಡ ವಿಷಯ ಸಮಯ. ಯಂತ್ರ ಹಗಲು ಒಂಬತ್ತರಿಂದ ನಾಲ್ಕರ ನಡುವೆ ಕೈಕೊಡುವುದಿಲ್ಲ. ತರಗತಿ, ಟೆಸ್ಟು, ಸೆಮಿನಾರು ಮುಗಿದಮೇಲೆ ಸಂಜೆ ಐದಕ್ಕೆ ಕೂತು, ರಾತ್ರಿ ಹನ್ನೊಂದಕ್ಕೆ ‘ಓಹ್, ಗ್ರೌಂಡ್ ವೈರೇ ಸಡಿಲ ಇತ್ತು’ ಅಂತ ಗೊತ್ತಾಗುವ ಕೆಲಸ ಇದು. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಲ್ಯಾಬಿಗೆ ಅಷ್ಟರಲ್ಲಿ ಬೀಗ ಬಿದ್ದಿರುತ್ತೆ. ಬೀಗ ಬಿದ್ದ ಲ್ಯಾಬಿನ ಹೊರಗೆ ಹುಡುಗರು ಬೋರ್ಡನ್ನು ಪಿಜಿಗೋ ಬಾಡಿಗೆ ರೂಮಿಗೋ ಹೊತ್ತೊಯ್ಯುತ್ತಾರೆ. ಅದೇ ತಂಡದ ಹುಡುಗಿಯರು?

ಲೇಡೀಸ್ ಹಾಸ್ಟೆಲಿನ ಗೇಟು ಎಷ್ಟೋ ಕಡೆ ಆರೂವರೆ, ಏಳಕ್ಕೆ ಮುಚ್ಚುತ್ತೆ. ಲೈಬ್ರರಿಗೆ ಹೋಗುವುದಕ್ಕೂ ವಾರ್ಡನ್ ಸಹಿ. ರಾತ್ರಿ ಹುಡುಗರ ರೂಮಿನಲ್ಲಿ ಪ್ರಾಜೆಕ್ಟ್ ಅಂತ ಹೇಳಿದರೆ ಮನೆಗೆ ಫೋನ್ ಹೋಗುತ್ತೆ. ಹಾಗಾಗಿ ಕೆಲಸ ತಾನಾಗಿಯೇ ಹಂಚಿಕೆಯಾಗುತ್ತೆ: ಹುಡುಗರು ಹಾರ್ಡ್‌ವೇರು, ಹುಡುಗಿಯರು ರಿಪೋರ್ಟು, ಪಿಪಿಟಿ. ನಾನು ಮಾತಾಡಿಸಿದ ಕೇರಂ ತಂಡದಲ್ಲಿಯೂ ಇಬ್ಬರು ಹುಡುಗಿಯರಿದ್ದರು, ಕ್ಯಾಮೆರಾ ಕೋಡ್ ಅವರದೇ. ಆದರೆ ಅದನ್ನು ನಿಜವಾದ ಬೋರ್ಡಿನ ಮೇಲೆ ಪರೀಕ್ಷಿಸಲು ಅವರಿಗೆ ಸಿಗುತ್ತಿದ್ದದ್ದು ಲಂಚ್ ಬ್ರೇಕ್ ಮತ್ತು ಶನಿವಾರದ ಅರ್ಧ ದಿನ. ಉಳಿದ ಸಮಯದಲ್ಲಿ ಹುಡುಗರು ಕಳಿಸಿದ ವಿಡಿಯೊ ನೋಡಿ ಕೋಡ್ ತಿದ್ದುತ್ತಿದ್ದರಂತೆ. ಕ್ಯಾಲಿಬ್ರೇಶನ್ ಯಾಕೆ ತಪ್ಪಿತು ಅನ್ನುವುದಕ್ಕೆ ಇದೂ ಒಂದು ಕಾರಣ, ಅದನ್ನು ಯಾವ ರಿಪೋರ್ಟಿನ ‘ಲಿಮಿಟೇಶನ್ಸ್’ ಅಧ್ಯಾಯದಲ್ಲೂ ಬರೆಯುವುದಿಲ್ಲ.

2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’ ಅಂತ ಹಾಸ್ಟೆಲ್ ಕರ್ಫ್ಯೂ ವಿರುದ್ಧ ಬೀದಿಗಿಳಿದಾಗ ನಮ್ಮಲ್ಲಿ ಅನೇಕರು ಅದನ್ನು ಓಡಾಟದ ಸ್ವಾತಂತ್ರ್ಯದ ಪ್ರಶ್ನೆಯಾಗಿ ಮಾತ್ರ ನೋಡಿದರು. ಅದು ಸೋಲ್ಡರಿಂಗ್ ಐರನ್ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೂ ಹೌದು. ‘ಮಹಿಳೆಯರು ಕೋರ್ ಇಂಜಿನಿಯರಿಂಗಿಗೆ ಯಾಕೆ ಬರಲ್ಲ’ ಎಂಬ ವಿಚಾರ ಸಂಕಿರಣಗಳನ್ನು ಮಹಿಳಾ ದಿನಾಚರಣೆಯಂದು ನಡೆಸುವ ಕಾಲೇಜುಗಳು ಅದೇ ದಿನ ಸಂಜೆ ಏಳಕ್ಕೆ ಗೇಟು ಹಾಕುತ್ತವೆ. ಲ್ಯಾಬನ್ನು ಹತ್ತರ ತನಕ ತೆರೆದಿಟ್ಟು, ಒಬ್ಬ ತಾಂತ್ರಿಕ ಸಿಬ್ಬಂದಿಗೆ ಸಂಜೆ ಪಾಳಿಯ ಸಂಬಳ ಕೊಟ್ಟು, ಹಾಸ್ಟೆಲಿಗೆ ಒಂದು ವಾಹನ ಇಟ್ಟರೆ ಆಗುವ ಖರ್ಚು, ವಾರ್ಷಿಕೋತ್ಸವಕ್ಕೆ ಕರೆಸುವ ಸಿನಿಮಾ ತಾರೆಯ ಖರ್ಚಿಗಿಂತ ಹೆಚ್ಚಾಗಲಿಕ್ಕಿಲ್ಲ.

ಬ್ರಾಂಚುಗಳ ಗೋಡೆಯೂ ಇದೆ. ಕೇರಂ ರೋಬೋಟಿಗೆ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಮೂರೂ ಬೇಕು. ತಂಡ ಸಾಮಾನ್ಯವಾಗಿ ಒಂದೇ ಬ್ರಾಂಚಿನದ್ದು, ಗೈಡೂ ಅದೇ ಬ್ರಾಂಚಿನವರು. 2024-25ರಿಂದ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿದ ಮೇಲೆ ದೊಡ್ಡ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೆಕ್ಷನ್ ಮೇಲೆ ಸೆಕ್ಷನ್ ತೆರೆದವು. ಮೆಕ್ಯಾನಿಕಲ್, ಸಿವಿಲ್ ಬಡವಾಗುತ್ತಾ ಬಂದವು. ಲೇತು, ಮಿಲ್ಲಿಂಗ್ ಮಷೀನು ಇದ್ದ ವರ್ಕ್‌ಶಾಪ್ ಜಾಗದಲ್ಲಿ ಕಂಪ್ಯೂಟರ್ ಟೇಬಲ್ಲು ಬಂದರೆ, ಸೊಲೆನಾಯ್ಡಿಗೆ ಒಂದು ಬ್ರಾಕೆಟ್ ಕೊರೆಯಲು ವಿದ್ಯಾರ್ಥಿ ಪೀಣ್ಯಕ್ಕೆ ಬಸ್ ಹತ್ತಬೇಕು.

ಕೈ ಅಡ್ಡ ಬಂದರೆ?

ಇಷ್ಟೆಲ್ಲ ಒಂದು ಆಟದ ಯಂತ್ರಕ್ಕೆ ಯಾಕೆ ಎನ್ನುವವರಿಗೆ ಒಂದು ಘಟನೆ ಹೇಳಬೇಕು. 2022ರ ಜುಲೈನಲ್ಲಿ ಮಾಸ್ಕೋದ ಚೆಸ್ ಪಂದ್ಯಾವಳಿಯಲ್ಲಿ ರೋಬೋಟ್ ತೋಳೊಂದು ಏಳು ವರ್ಷದ ಹುಡುಗನ ಬೆರಳನ್ನು ಹಿಡಿದು ಮುರಿಯಿತು. ಯಂತ್ರ ತನ್ನ ನಡೆ ಮುಗಿಸುವ ಮುಂಚೆ ಹುಡುಗ ಕೈ ಹಾಕಿದ, ಯಂತ್ರ ಕಾದು ನೋಡಲಿಲ್ಲ. ‘ಹುಡುಗ ನಿಯಮ ಮುರಿದ’ ಅಂತ ಸಂಘಟಕರ ಕಡೆಯವರು ಹೇಳಿದ್ದು ಸುದ್ದಿಯಾಯಿತು. ಚೆಸ್ ಆಡಲು ಬಂದ ಮಗು ಆತುರಪಡುತ್ತೆ ಎನ್ನುವುದು ಯಂತ್ರ ಕಟ್ಟಿದವರಿಗೆ ಗೊತ್ತಿರಬೇಕಿತ್ತು.

ಆಟದ ಯಂತ್ರದ ಎದುರು ಮನುಷ್ಯ ಕೂತಿರುತ್ತಾನೆ, ಅದೇ ಅದರ ವಿಶೇಷ. ಹಾಗಾಗಿ ಕೈ ಅಡ್ಡ ಬಂದರೆ ಏನು, ಕರೆಂಟ್ ಹೋಗಿ ಬಂದರೆ ಏನು, ನಿಲ್ಲಿಸುವ ಕೆಂಪು ಬಟನ್ ಎಲ್ಲಿ ಎಂಬ ಪ್ರಶ್ನೆಗಳು ಮೊದಲ ದಿನದಿಂದ ಏಳುತ್ತವೆ, ಏಳಬೇಕು. ಇದೇ ಹುಡುಗ ಹುಡುಗಿಯರು ನಾಳೆ ಬಿಡದಿಯ, ನರಸಾಪುರದ, ಹೊಸೂರಿನ ಕಾರ್ಖಾನೆಗಳಲ್ಲಿ ಯಂತ್ರದ ಪಕ್ಕ ಮನುಷ್ಯ ನಿಲ್ಲುವ ಸಾಲುಗಳನ್ನು ವಿನ್ಯಾಸ ಮಾಡುವವರು. ‘ಸೇಫ್ ಇನ್ ಇಂಡಿಯಾ’ ಎಂಬ ಸಂಸ್ಥೆ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಪವರ್ ಪ್ರೆಸ್ಸಿಗೆ ಬೆರಳು ಕಳೆದುಕೊಂಡ ಕಾರ್ಮಿಕರ ಬಗ್ಗೆ ವರದಿಗಳನ್ನು ಪ್ರಕಟಿಸುತ್ತಾ ಬಂದಿದೆ. ಗಾಯಗೊಂಡವರಲ್ಲಿ ಹೆಚ್ಚಿನವರು ವಲಸೆ ಬಂದ, ಗುತ್ತಿಗೆಯ ಮೇಲಿರುವ, ಕಡಿಮೆ ಓದಿದವರು. ಪ್ರೆಸ್ಸಿಗೆ ಸೆನ್ಸರ್ ಹಾಕಬೇಕೋ ಬೇಡವೋ, ಹಾಕಿದ್ದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ತೀರ್ಮಾನಿಸುವ ಕುರ್ಚಿಯಲ್ಲಿ ಒಬ್ಬ ಇಂಜಿನಿಯರ್ ಕೂತಿರುತ್ತಾನೆ. ಆತ ತನ್ನ ಪ್ರಾಜೆಕ್ಟನ್ನು ಕೊಂಡುಕೊಂಡು ಪಾಸಾದವನಾಗಿದ್ದರೆ, ಯಂತ್ರ ಕೈಕೊಡುವುದನ್ನು ಒಮ್ಮೆಯೂ ಕಣ್ಣಾರೆ ಕಂಡಿರದಿದ್ದರೆ, ಆ ಪ್ರೆಸ್ಸಿನ ಎದುರು ನಿಲ್ಲುವವರ ಬೆರಳಿಗೆ ಯಾರು ಹೊಣೆ?

ವಿಟಿಯು ಮನಸ್ಸು ಮಾಡಿದರೆ ಬದಲಾಯಿಸಲು ಹೊಸ ಕಟ್ಟಡ ಬೇಕಿಲ್ಲ, ಹೊಸ ಆ್ಯಪ್ ಬೇಕಿಲ್ಲ. ಪ್ರಾಜೆಕ್ಟ್ ಮಾರ್ಕ್ಸಿನ ಒಂದು ಪಾಲನ್ನು ಸೋಲಿನ ದಿನಚರಿಗೆ ಇಡಲಿ: ಯಾವ ದಿನ ಏನು ಕೆಟ್ಟಿತು, ಯಾಕೆ ಅಂತ ಅಂದುಕೊಂಡಿರಿ, ನಿಜವಾಗಿ ಯಾಕೆ ಕೆಟ್ಟಿತ್ತು. ಇದನ್ನೂ ಚಾಟ್‌ಜಿಪಿಟಿಯಲ್ಲಿ ಬರೆಸಬಹುದು ಅಂತೀರಾ? ಹೌದು, ಆದರೆ ಸುಟ್ಟ ಮೋಟರನ್ನು ಟೇಬಲ್ ಮೇಲೆ ಇಡಲು ಹೇಳಿದರೆ ಅದು ಇಡಲಾರದು. ಹಳೆಯ ಬ್ಯಾಚಿನ ಯಂತ್ರ ಮುಂದುವರಿಸುವವರಿಗೆ ‘ರಿಪೀಟ್’ ಎಂಬ ದಂಡದ ಬದಲು ಹೆಚ್ಚುವರಿ ಮಾರ್ಕ್ಸ್ ಸಿಗಲಿ. ಕೋಡು, ಡ್ರಾಯಿಂಗು ಕಾಲೇಜಿನ ಹೆಸರಿನಲ್ಲಿ ಎಲ್ಲರಿಗೂ ಸಿಗುವಂತೆ ಇರಲಿ. ವೈವಾದಲ್ಲಿ ಪರೀಕ್ಷಕರು ಕುರ್ಚಿ ಎಳೆದುಕೊಂಡು ಬೋರ್ಡಿನ ಎದುರು ಕೂರಲಿ. ಕೇರಂ ನಿಯಮದಂತೆ ಒಂದು ಗೇಮ್ ಎಂದರೆ 25 ಪಾಯಿಂಟ್ ಅಥವಾ ಎಂಟು ಬೋರ್ಡ್, ಯಾವುದು ಮೊದಲೋ ಅದು. ಅಷ್ಟು ಬೇಡ, ಒಂದು ಬೋರ್ಡ್ ಆಡಿದರೆ ಸಾಕು, ಪೆಟ್ಟಿಗೆಯೊಳಗೆ ಯಾರಿದ್ದಾರೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ.

ಇವೆಲ್ಲ ಸುತ್ತೋಲೆಯಾಗಿ ಬರುವವರೆಗೆ ವಿದ್ಯಾರ್ಥಿಗಳು ಕಾಯಬೇಕಿಲ್ಲ. ಹೊಸ ಬ್ಯಾಚಿನವರು ಟಾಪಿಕ್ ಹುಡುಕುವಾಗ ಮೊದಲು ತಮ್ಮ ಡಿಪಾರ್ಟ್‌ಮೆಂಟಿನ ಸ್ಟೋರ್ ರೂಮಿನ ಬೀಗದ ಕೈ ಕೇಳಬೇಕು. ಕೊಡದಿದ್ದರೆ ಯಾಕೆ ಕೊಡುವುದಿಲ್ಲ ಅಂತ ಲಿಖಿತವಾಗಿ ಕೇಳಬೇಕು. ಸಂಜೆ ಲ್ಯಾಬ್ ತೆರೆದಿಡುವ ಬೇಡಿಕೆಯನ್ನು ಹಾಸ್ಟೆಲ್ ಗೇಟಿನ ಬೇಡಿಕೆಯ ಜೊತೆಗೇ ಇಡಬೇಕು, ಹುಡುಗರೂ ಸಹಿ ಹಾಕಬೇಕು. ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಶುಲ್ಕ, ಸ್ಕಾಲರ್‌ಶಿಪ್, ಬಸ್ ಪಾಸ್ ಇವುಗಳ ಕೆಳಗೆ ಈ ಸಾಲು ನಾನಿನ್ನೂ ನೋಡಿಲ್ಲ.